ಚಿಕ್ಕದು ಗಂಡಾ, ದೊಡ್ಡದು ಹೆಣ್ಣಾ? ಸ್ಲೈಡರ್ ಆಮೆ ಬಗ್ಗೆ ಗೊತ್ತಿರೋರು ಹೇಳಿ

ವಿದ್ಯಾನಗರ_ದಾವಣಗೆರೆ
ರೆಡ್ ಇಯರ್ಡ್ ಸ್ಲೈಡರ್ ಎರಡಿವೆ, ಒಂದೇ ಟ್ಯಾಂಕ್. 3 ವರ್ಷದ ಹಿಂದೆ ಕಾಯಿನ್ ಸೈಜಿನಲ್ಲಿದ್ದಾಗ ಅಂಗಡಿಯಲ್ಲಿ 'ಜೋಡಿ' ಅಂತ ಕೊಟ್ಟಿದ್ದು. ಈಗ ಒಂದರ ಚಿಪ್ಪು 4.5 ಇಂಚು, ಇನ್ನೊಂದರದು 7. ಎರಡರ ಹೊಟ್ಟೆನೂ ಚಪ್ಪಟೆ. ಗಂಡಿಗೆ ಹೊಟ್ಟೆ ತಗ್ಗಿರಬೇಕಂತೆ, ಹಾಗಾದ್ರೆ ಎರಡೂ ಹೆಣ್ಣಾ? ಚಿಕ್ಕದು ದೊಡ್ಡದರ ಮುಖಕ್ಕೆ ಮುಂಗಾಲು ಚಾಚಿ ಉಗುರು ನಡುಗಿಸ್ತಾ ಇರುತ್ತೆ. ದೊಡ್ಡದು 4 ದಿನದಿಂದ ಸರಿಯಾಗಿ ತಿಂತಿಲ್ಲ, ಗಾಜು ಕೆರೀತಿದೆ.

ಕೆರೆದಂಡೆ
ತಗ್ಗು ಹೊಟ್ಟೆಯ ಲೆಕ್ಕ ನೆಲದ ಆಮೆಗೆ. ಸ್ಲೈಡರಿಗೆ ಅದನ್ನ ನಂಬಬೇಡ್ರಿ. ಕಾಯಿನ್ ಸೈಜಿನಲ್ಲಿ ಯಾರೂ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಆ 'ಜೋಡಿ' ಬರೀ ವ್ಯಾಪಾರದ ಮಾತು. ಗಂಡಿನ ಗುರುತು ಕಾಣೋದೇ ಸುಮಾರು 4 ಇಂಚಿನಿಂದ.

ಮೊದಲು ಬಾಲ ನೋಡ್ರಿ. ಚಿಪ್ಪಿನ ಎರಡೂ ಪಕ್ಕ ಹಿಡಿದು ನೀರಿಂದ ಎತ್ತಿ, ಅದರ ತಲೆ ಮೇಲಕ್ಕೆ ಬರೋ ಹಾಗೆ ಹಿಡಿದು ಅರ್ಧ ನಿಮಿಷ ಸುಮ್ಮನಿರಿ, ಬಾಲ ತಾನೇ ಬಿಚ್ಚುತ್ತೆ. ಎಳೀಬೇಡಿ. ಮಲ ಹೋಗೋ ರಂಧ್ರ ಎಲ್ಲಿದೆ ಅನ್ನೋದೇ ಮುಖ್ಯ. ಚಿಪ್ಪಿನ ಅಂಚು ದಾಟಿ ಬಾಲದ ತುದಿ ಕಡೆಗಿದ್ದು, ಬುಡ ದಪ್ಪ ಇದ್ರೆ ಗಂಡು. ಅಂಚಿನ ಒಳಗೇ ಇದ್ದು ಬಾಲ ಮೋಟಾಗಿದ್ರೆ ಹೆಣ್ಣು. ಆಮೇಲೆ ಉಗುರು: ಮುಂಗಾಲಿನ ನಡುವಿನ ಮೂರನ್ನ ಅದರದೇ ಹಿಂಗಾಲಿನ ಉಗುರಿಗೆ ಹೋಲಿಸಿ. ಗಂಡಿಗೆ ಎದ್ದು ಕಾಣೋಷ್ಟು ಉದ್ದ. ಕಲ್ಲಿಗೆ ಉಜ್ಜಿ ಸವೆದಿದ್ರೆ ಮೋಸ ಹೋಗ್ತೀರಿ, ಅದಕ್ಕೇ ಬಾಲ ಮೊದಲು. ನೋಡಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತೆ.

ದುರ್ಗದ_ಚಿಪ್ಪು
ಲಿಂಗ ಆಮೇಲೆ ನೋಡಿದರಾಯ್ತು. ಊಟ ಬಿಟ್ಟು ಗಾಜು ಕೆರೆಯೋ 7 ಇಂಚಿನ ಆಮೆ ಅಂದ್ರೆ ಮೊಟ್ಟೆ ಇಡೋಕೆ ಜಾಗ ಹುಡುಕ್ತಿರಬಹುದು. ಗಂಡು ಜೊತೆಗಿಲ್ಲದಿದ್ರೂ ಹೆಣ್ಣು ಮೊಟ್ಟೆ ಇಡುತ್ತೆ. ಇವತ್ತೇ 2 ಅಡಿ ಉದ್ದದ ಟಬ್‌ಗೆ 10 ಇಂಚು ಮಣ್ಣು ತುಂಬಿ. ಅರ್ಧ ಮರಳು, ಅರ್ಧ ಕೆಮ್ಮಣ್ಣು. ನಿಮ್ಮ ಕಡೆಯ ಎರೆಮಣ್ಣು ಬೇಡ, ಒದ್ದೆಯಾದ್ರೆ ಕಾಲಿಗೆ ಮೆತ್ತುತ್ತೆ, ಒಣಗಿದ್ರೆ ಕಲ್ಲು. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ದಿನಾ ಒಂದೆರಡು ಗಂಟೆ ಅದರಲ್ಲಿ ಒಂಟಿಯಾಗಿ ಬಿಡಿ. ಎದುರು ನಿಂತು ಮೊಬೈಲ್ ಹಿಡೀಬೇಡಿ, ಗುಂಡಿ ಅರ್ಧಕ್ಕೆ ಬಿಡುತ್ತೆ.

ಮೊಟ್ಟೆ ಇದೆಯಾ ಅಂತ ಹಿಂಗಾಲಿನ ಮುಂದೆ ಬೆರಳು ಹಾಕಿ ಒತ್ತಬೇಡಿ, ಒಳಗೇ ಒಡೆದ್ರೆ ಸೋಂಕು. ಮಂಕಾದ್ರೆ, ಮುಕ್ಕರಿದ್ರೂ ಏನೂ ಬರದಿದ್ರೆ, ಕಾಯದೆ ಪಶುವೈದ್ಯರ ಹತ್ತಿರ ಎಕ್ಸ್‌ರೇ ಮಾಡಿಸಿ. ಎಕ್ಸ್‌ರೇ ಇಲ್ಲದೆ ಆಕ್ಸಿಟೋಸಿನ್ (ಮೊಟ್ಟೆ ಹೊರಗೆ ತಳ್ಳಿಸೋ ಇಂಜೆಕ್ಷನ್) ಬೇಡ ಅನ್ನಿ. ದೊಡ್ಡ ಮೊಟ್ಟೆ ಅಡ್ಡ ಸಿಕ್ಕಿದ್ರೆ ಆ ಇಂಜೆಕ್ಷನ್ನೇ ಅಪಾಯ.

ಕೆರೆದಂಡೆ
ಹೌದು, ಆ ಕೆರೆತ ನಾನು ಗಮನಿಸಲಿಲ್ಲ. ಹಾಗಿದ್ರೆ ಚಿಕ್ಕದನ್ನ ಈಗಲೇ ಬೇರೆ ಟಬ್‌ಗೆ ಹಾಕಿ. ಉಗುರು ನಡುಗಿಸೋದು ಗಂಡಿನ ಓಲೈಕೆ, ಜಗಳ ಅಲ್ಲ, ಆದ್ರೂ ಹೆಣ್ಣಿಗೆ ಬಿಡುವಿರಲ್ಲ. ಅಂದಹಾಗೆ ಎಳೆ ಮರಿಗಳೂ ಹೀಗೆ ಆಡ್ತವೆ, ಅದೊಂದನ್ನೇ ನೋಡಿ ಗಂಡು ಅನ್ನಬೇಡಿ.

ವಿದ್ಯಾನಗರ_ದಾವಣಗೆರೆ
ಬಾಲ ನೋಡಿದೆ. ಚಿಕ್ಕದರ ರಂಧ್ರ ಅಂಚಿನ ಹೊರಗೆ, ದೊಡ್ಡದರದು ಒಳಗೆ. ಆದ್ರೆ ಎತ್ತಿದಾಗ ಚಿಕ್ಕದರ ಬಾಲದಿಂದ ಕಪ್ಪು ಮಾಂಸದ ಥರ ಏನೋ ಹೊರಬಂತು!

ದುರ್ಗದ_ಚಿಪ್ಪು
ಕರುಳಲ್ಲ, ಅದರ ಶಿಶ್ನ ಇರಬೇಕು. ನೀರಿಗೆ ಬಿಡಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಒಳಗೆ ಹೋಗುತ್ತೆ. ಒಂದು ಗಂಟೆಯಾದ್ರೂ ಹೋಗದಿದ್ರೆ ಒಣಗದಂತೆ ಒದ್ದೆ ಬಟ್ಟೆ ಸುತ್ತಿ ಡಾಕ್ಟರ್ ಹತ್ತಿರ ಒಯ್ಯಿರಿ.