ಆಟಿ ಅಮಾವಾಸ್ಯೆಯ ಹಾಲೆ ಕಷಾಯ: ಆಯುರ್ವೇದ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪುತ್ತೂರು): ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯಂದು ಹಾಲೆ (ಸಪ್ತಪರ್ಣ) ಮರದ ತೊಗಟೆಯ ಕಷಾಯ ಕುಡಿದರೆ ವರ್ಷವಿಡೀ ಮಲೇರಿಯಾ ಬರುವುದಿಲ್ಲವೆಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವೇ?

ವೈದ್ಯೆ: ನಿಜವಲ್ಲ. ಸಪ್ತಪರ್ಣದ ತೊಗಟೆಯನ್ನು ಆಯುರ್ವೇದವು ಜ್ವರಕ್ಕೂ ಚರ್ಮರೋಗಕ್ಕೂ ಹೇಳಿದೆ; ಅದು ಲಸಿಕೆಯಲ್ಲ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ (ಬೆಂಗಳೂರು): ನಾಳೆಯ ಅಮಾವಾಸ್ಯೆಗೆಂದು ಊರಿನಿಂದ ರಾತ್ರಿ ಬಸ್ಸಿನಲ್ಲಿ ತೊಗಟೆ ಕಳುಹಿಸಿದ್ದಾರೆ. ಕೆತ್ತಿದವನು ತೋಟದ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ. ಫೋಟೊ ಹಾಕಿದ್ದೇನೆ. 7 ವರ್ಷದ ಮಗನಿಗೂ ಕೊಡಬಹುದೇ?

ವೈದ್ಯೆ: ಮಗನಿಗೆ ಕೊಡಬೇಡಿ, ನೀವೂ ಕುಡಿಯಬೇಡಿ. ಎಲೆಯಿಲ್ಲದ ತೊಗಟೆಯ ಚೂರನ್ನು ಫೋಟೊದಲ್ಲಿ ನೋಡಿ ಗುರುತು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ಹಾಲೆ ಬೆಳೆಯುವ ಗುಡ್ಡಗಳಲ್ಲಿಯೇ ಕಾಸರಕವೆಂಬ ವಿಷದ ಮರವೂ ಬೆಳೆಯುತ್ತದೆ ಮತ್ತು ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಎರಡೂ ಕಹಿಯಾದುದರಿಂದ ನಾಲಿಗೆಗೆ ವ್ಯತ್ಯಾಸ ತಿಳಿಯದು. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದಾರು ಎಲೆಗಳು ಹರಡಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿದ್ದು, ಬುಡದಿಂದಲೇ ಮೂರೋ ಐದೋ ನರಗಳು ಹೊರಡುತ್ತವೆ, ಹಾಲಿಲ್ಲ. ಹಾಲು ಕಂಡ ಮಾತ್ರಕ್ಕೂ ನಂಬಬೇಡಿ, ಕಣಗಿಲೆಯ ಬಳಗದ ವಿಷದ ಗಿಡಗಳಲ್ಲಿಯೂ ಹಾಲಿದೆ. ಕಾಸರಕ ಹೊಟ್ಟೆಗೆ ಹೋದರೆ ಗಂಟೆಯೊಳಗೇ ಕುತ್ತಿಗೆ, ದವಡೆ ಸೆಟೆದು, ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಬಾಗಬಹುದು, ಆದರೆ ರೋಗಿಗೆ ಎಚ್ಚರವಿರುತ್ತದೆ. ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಸದಸ್ಯ (ಉಡುಪಿ): ಮೇಲೆ ಮೆಂತೆ ಗಂಜಿ ಕುಡಿದರೆ ವಿಷವೆಲ್ಲ ಇಳಿಯುತ್ತದೆಂದು ಫಾರ್ವರ್ಡ್ ಬಂದಿದೆಯಲ್ಲ?

ವೈದ್ಯೆ: ಕಷಾಯದ ಉಷ್ಣಕ್ಕೆಂದು ಕುಡಿಯುವ ಗಂಜಿ ಅದು. ಸ್ಟ್ರಿಕ್ನಿನ್‌ಗೆ ಗಂಜಿ ಮದ್ದಲ್ಲ. ಅದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ಪ್ರಶ್ನೆ (ಕುಂದಾಪುರ): ಸಕ್ಕರೆ ಕಾಯಿಲೆಯ ಮಾತ್ರೆಯೊಂದಿಗೆ ಈ ಕಷಾಯ ಕುಡಿಯಬಹುದೇ?

ಸದಸ್ಯ (ಬೆಳ್ತಂಗಡಿ): ಕಬ್ಬಿಣ ಸೋಕಿದ ತೊಗಟೆಯೇ ವಿಷವಾಗುವುದು. ಹಿರಿಯರು ಕಲ್ಲಿನಲ್ಲಿಯೇ ಜಜ್ಜಿ ತೆಗೆಯುತ್ತಿದ್ದರು.

ಸದಸ್ಯೆ (ಮಂಗಳೂರು): ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲಿನಿಂದ ಒಗ್ಗರಣೆ ಕೊಡುವುದು ನಮ್ಮ ಮನೆಯಲ್ಲಿಯೂ ಉಂಟು. ಅಷ್ಟಕ್ಕೆ ಕತ್ತಿಯಿಂದ ವಿಷ ಹುಟ್ಟುತ್ತದೆಂದು ಹೆದರಿಸುವುದೇಕೆ?

ಸದಸ್ಯ (ಬೆಳ್ತಂಗಡಿ): ನಾಲ್ಕು ಪುಸ್ತಕ ಓದಿದವರಿಗೆ ಸಂಪ್ರದಾಯ ಅರ್ಥವಾಗುವುದಿಲ್ಲ. ನನ್ನ ಅಜ್ಜ ಕೊನೆಯವರೆಗೂ ಕುಡಿದರು.

ವೈದ್ಯೆ: ನಿಮ್ಮ ಅಜ್ಜನಿಗೆ ಮರದ ಗುರುತಿತ್ತು. ಕಲ್ಲು-ಕತ್ತಿಯ ವಾದವನ್ನು ಬೇರೆಡೆ ಮುಂದುವರಿಸಿ.

ಪ್ರಶ್ನೆ (ಕಾರ್ಕಳ): ಕಷಾಯದಿಂದ ಮಲೇರಿಯಾ ತಡೆಯಬಹುದೇ?

ವೈದ್ಯೆ: ಮೊದಲ ಉತ್ತರ ಓದಿ.

ಸದಸ್ಯ (ಬೆಂಗಳೂರು): ನನಗೆ ಕಳುಹಿಸಿದ ಅದೇ ಮರದ ತೊಗಟೆಯನ್ನು ಊರಿನಲ್ಲಿ ಅಕ್ಕಪಕ್ಕದ ಮನೆಗಳಿಗೂ ಹಂಚಿದ್ದಾರಂತೆ.

ವೈದ್ಯೆ: ಇಲ್ಲಿ ಬರೆಯುತ್ತಾ ಕೂರಬೇಡಿ. ಬೆಳಗಿನ ಜಾವ ಅವರು ಒಲೆ ಹಚ್ಚುವ ಮೊದಲು ಒಂದೊಂದು ಮನೆಗೂ ಫೋನ್ ಮಾಡಿ.