ಹೊನಲು ಬೆಳಕಿನ ಕಬಡ್ಡಿಗೆ ಜರ್ದಾ ಕಂಪನಿಯ ದೇಣಿಗೆ ಪಡೆಯಬಹುದೇ?

ಪ್ರಶ್ನೆ:
ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಜಾತ್ರೆಯ ಸಮಯಕ್ಕೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುತ್ತೇವೆ. ಈ ಸಲ ಮ್ಯಾಟ್, ಲೈಟು ಮತ್ತು ಮೊದಲ ಬಹುಮಾನದ ಖರ್ಚನ್ನು ಭರಿಸಲು ಜರ್ದಾ ಕಂಪನಿಯೊಂದರ ವಿತರಕರು ಮುಂದೆ ಬಂದಿದ್ದಾರೆ. ಆಟಗಾರರ ಜೆರ್ಸಿಯ ಮೇಲೂ ಅಂಕಣದ ಸುತ್ತಲಿನ ಫ್ಲೆಕ್ಸ್‌ಗಳಲ್ಲೂ ಅದೇ ಹೆಸರಿನ ಏಲಕ್ಕಿಯ ಜಾಹೀರಾತು ಇರಬೇಕೆಂಬುದು ಅವರ ಷರತ್ತು. ಸಿಗರೇಟಿನ ಹೆಸರಾಗಿದ್ದರೆ ಸಮಿತಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಏಲಕ್ಕಿ ಎಂದೊಡನೆ ಹೆಚ್ಚಿನವರು ತಲೆಯಾಡಿಸಿದರು. ನಿಮ್ಮ ಊರುಗಳಲ್ಲಿ ಜನ ಇದನ್ನು ಹೇಗೆ ನೋಡುತ್ತಾರೆ?

ಉತ್ತರ 1 (ನಿವೃತ್ತ ದೈಹಿಕ ಶಿಕ್ಷಕ, ತಿಪಟೂರು):
1996ರ ಕ್ರಿಕೆಟ್ ವಿಶ್ವಕಪ್ಪಿನ ಹೆಸರೇ ಸಿಗರೇಟಿನ ಹೆಸರಲ್ಲಿ, ವಿಲ್ಸ್ ವಿಶ್ವಕಪ್ ಎಂದಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ನಡೆದ ಕ್ವಾರ್ಟರ್ ಫೈನಲ್ ಪಂದ್ಯವನ್ನು ಟಿವಿಯ ಮುಂದೆ ಕುಳಿತು ನೋಡಿದ ನಮಗಾರಿಗೂ, ಬೀಡಿ ಸೇದಬೇಡಿರೆಂದು ದಿನವೂ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ನನಗೂ ಸಹ, ಅದು ತಪ್ಪೆಂದು ತೋರಲಿಲ್ಲ. 2001ರಲ್ಲಿ ವಿಲ್ಸ್ ತಯಾರಿಸುವ ಐಟಿಸಿ ಕಂಪನಿ ತಾನಾಗಿಯೇ ಕ್ರೀಡಾ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ತಂಬಾಕು ಉತ್ಪನ್ನಗಳ ಜಾಹೀರಾತು, ಮಾರಾಟವನ್ನು ನಿಯಂತ್ರಿಸುವ 2003ರ ಕೋಟ್ಪಾ ಕಾಯ್ದೆಯ 5ನೇ ಸೆಕ್ಷನ್, ಪ್ರಾಯೋಜಕತ್ವಕ್ಕೋ ಬಹುಮಾನಕ್ಕೋ ಪ್ರತಿಯಾಗಿ ತಂಬಾಕು ಸೇವನೆಯನ್ನಷ್ಟೇ ಅಲ್ಲ, ತಂಬಾಕಿನ ಬ್ರ್ಯಾಂಡ್ ಹೆಸರನ್ನು ಪ್ರಚಾರ ಮಾಡುವುದನ್ನೂ ನಿಷೇಧಿಸುತ್ತದೆ. ಆದುದರಿಂದ ಪೊಟ್ಟಣದೊಳಗೆ ಏಲಕ್ಕಿಯೇ ಇದ್ದರೂ, ಜೆರ್ಸಿಯ ಮೇಲಿನ ಹೆಸರು ಜರ್ದಾದ್ದೇ ಆದರೆ ಸಮಿತಿಯೂ ಸಿಕ್ಕಿಬೀಳಬಹುದು. ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. (ದಂಡದ ಮೊತ್ತ ನೋಡಿದರೆ ಕಂಪನಿಗಳು ಏಕೆ ಹೆದರುವುದಿಲ್ಲವೆಂಬುದು ತಿಳಿಯುತ್ತದೆ.)

ಉತ್ತರ 2 (ಅಡಿಕೆ ಬೆಳೆಗಾರ, ಚಿಕ್ಕನಾಯಕನಹಳ್ಳಿ):
ಮೇಷ್ಟ್ರು ಕಾನೂನು ಹೇಳಿದರು, ಜನರ ಮನಸ್ಸಿನ ಮಾತು ಬೇರೆಯೇ ಇದೆ. ಪಾನ್ ಮಸಾಲೆಯನ್ನು ವಿರೋಧಿಸಿದರೆ ಅಡಿಕೆಯ ಧಾರಣೆ ಕುಸಿದೀತೆಂಬ ಅಳುಕು ನಮ್ಮ ಕಡೆಯ ತೋಟದವರಲ್ಲಿ ಇದ್ದೇ ಇದೆ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದಾಗಲೂ ಇದೇ ಮಾತು ಕೇಳಿದ್ದೆ. ಆಮೇಲೆ ಆದದ್ದಿಷ್ಟೇ: ಮಸಾಲೆ ಒಂದು ಪೊಟ್ಟಣದಲ್ಲಿ, ಜರ್ದಾ ಇನ್ನೊಂದರಲ್ಲಿ ಬಂದವು, ಬೆರೆಸಿಕೊಳ್ಳುವ ಕೆಲಸ ತಿನ್ನುವವನದಾಯಿತು. ಅಡಿಕೆಯಿಂದಲೇ ಬದುಕುವ ನಾನೂ, ಕಬಡ್ಡಿ ಆಡುವ ನನ್ನ ಮಗನ ಬೆನ್ನ ಮೇಲೆ ಆ ಹೆಸರು ಇರುವುದನ್ನು ಒಪ್ಪಲಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹೆಸರು ಹಾಕುವುದಿಲ್ಲ, ಊರಿನ ಮೇಲಿನ ಅಭಿಮಾನಕ್ಕೆ ದೇಣಿಗೆ ಕೊಡಿ ಎಂದು ವಿತರಕರನ್ನು ಕೇಳಿದೆವು. ಕಂಪನಿಯವರನ್ನು ವಿಚಾರಿಸಿ ತಿಳಿಸುತ್ತೇನೆಂದು ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಪಂದ್ಯಾವಳಿ ಮಣ್ಣಿನ ಅಂಕಣದಲ್ಲೇ ನಡೆಯಲಿದೆ. ಮ್ಯಾಟ್ ತಪ್ಪಿಹೋಯಿತೆಂದು ಹುಡುಗರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.