ಪ್ರಶ್ನೋತ್ತರ: ಅಥೆನ್ಸ್‌ನಲ್ಲಿ ಕೈ ಎತ್ತಿದರೆ ಸಾಕು, ಕಾನೂನಾ?

ಪ್ರಶ್ನೆ: ಮೇಡಂ, ನೀವು ಗ್ರೀಕ್ ಇತಿಹಾಸ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಅಥೆನ್ಸ್‌ನಲ್ಲಿ ಎಂಎಲ್‌ಎ, ಎಂಪಿ ಯಾರೂ ಇರಲಿಲ್ಲ, ಜನರೇ ಗುಡ್ಡದ ಮೇಲೆ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು ಅಂತ ಓದಿದೆ. ಜನ ಸಿಟ್ಟಿನಲ್ಲಿದ್ದ ದಿನ ಏನು ಬೇಕಾದರೂ ಪಾಸಾಗುತ್ತಿತ್ತಲ್ವಾ?

ಉತ್ತರ: ಆಗುತ್ತಿತ್ತು, ಆಗಿದೆ ಕೂಡ. ಕ್ರಿ.ಪೂ. 427ರಲ್ಲಿ ಮಿಟಿಲೀನ್ ನಗರ ಅಥೆನ್ಸ್ ವಿರುದ್ಧ ದಂಗೆ ಎದ್ದು ಸೋತಿತು. ಅಲ್ಲಿನ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕು ಅಂತ ಸಭೆ ತೀರ್ಮಾನಿಸಿತು. ಆದೇಶ ಹೊತ್ತ ಹಡಗೂ ಹೊರಟಿತು. ಬೆಳಗಾಗುವಷ್ಟರಲ್ಲಿ ಜನರ ಸಿಟ್ಟು ಇಳಿದಿತ್ತು. ಮತ್ತೆ ಸಭೆ ಸೇರಿ, ಕೂದಲೆಳೆಯ ಅಂತರದಲ್ಲಿ ತೀರ್ಮಾನ ಬದಲಾಯಿತು. ಎರಡನೇ ಹಡಗಿನವರು ವೈನು, ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿನ್ನುತ್ತಲೇ ಹುಟ್ಟು ಹಾಕಿದರು, ಸರದಿ ಮೇಲೆ ಮಲಗಿದರು. ಅವರು ಮುಟ್ಟುವ ಹೊತ್ತಿಗೆ ಅಲ್ಲಿನ ಸೇನಾಪತಿ ಮೊದಲ ಆದೇಶ ಓದಿ ಮುಗಿಸಿದ್ದ, ಅಷ್ಟೇ. ಊರು ಉಳಿಯಿತು, ದಂಗೆಯ ಮುಖಂಡರು ಉಳಿಯಲಿಲ್ಲ.

406ರಲ್ಲಿ ಆ ಅದೃಷ್ಟವೂ ಇರಲಿಲ್ಲ. ಅರ್ಗಿನೂಸೆಯ ಸಮುದ್ರ ಯುದ್ಧದಲ್ಲಿ ಗೆದ್ದು ಬಂದ ಆರು ಸೇನಾಪತಿಗಳಿಗೆ, ಮುಳುಗುತ್ತಿದ್ದ ನಾವಿಕರನ್ನು ಉಳಿಸಲಿಲ್ಲ ಅಂತ ಮರಣದಂಡನೆ ಕೊಟ್ಟರು. ಎಲ್ಲರಿಗೂ ಸೇರಿ ಒಂದೇ ಮತ. ಅದು ಕಾನೂನಿಗೆ ವಿರುದ್ಧ ಅಂತ ಸಾಕ್ರಟೀಸ್ ಹಟ ಹಿಡಿದ, ಯಾರು ಕೇಳಬೇಕು!

403ರ ನಂತರ ಅವರು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡರು. ಯುದ್ಧ, ಸಂಧಿ, ದಿನದ ಆಡಳಿತ ಸಭೆಗೇ ಉಳಿಯಿತು. ಶಾಶ್ವತ ಕಾನೂನು ಬದಲಿಸಲು ಮಾತ್ರ ಬೇರೆ ದಾರಿ. ಹೊಸ ಕರಡನ್ನು ಮಾರುಕಟ್ಟೆ ಚೌಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಹಳೇ ಕಾನೂನಿನ ಪರವಾಗಿ ವಾದಿಸಲು ಸಭೆಯೇ ಜನರನ್ನು ಆರಿಸುತ್ತಿತ್ತು. ಕೊನೇ ತೀರ್ಪು, ಪ್ರಮಾಣ ಮಾಡಿ ನ್ಯಾಯಾಧೀಶರಾಗಿ ಕೂರುವ, 30 ವರ್ಷ ದಾಟಿದ ನಾಗರಿಕರದ್ದು. ನನಗೆ ಅಥೆನ್ಸ್‌ನಲ್ಲಿ ಹಿಡಿಸುವುದು ಇದೇ, ಬರೀ ಕೈ ಎತ್ತಿದ್ದಲ್ಲ.

ಇನ್ನೊಬ್ಬರು: ಕೂಲಿ ಬಿಟ್ಟು ಬಡವರು ಬರುತ್ತಿದ್ದರಾ?

ಉತ್ತರ: ಮೊದಮೊದಲು ಕಷ್ಟವೇ. ಮಾರುಕಟ್ಟೆಯಲ್ಲಿ ಹರಟುತ್ತಾ ನಿಂತವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಗುಡ್ಡದ ಕಡೆ ಅಟ್ಟುತ್ತಿದ್ದರು ಅಂತ ಆ ಕಾಲದ ಹಾಸ್ಯ ನಾಟಕವೊಂದರಲ್ಲಿದೆ. ಆಮೇಲೆ ಭತ್ಯೆ ಶುರುವಾಯಿತು: ಒಂದು ಒಬೋಲ್ ನಾಣ್ಯ, ಬೇಗನೇ ಮೂರು. ಹೆಂಗಸರು, ಗುಲಾಮರು, ವಲಸೆ ಬಂದವರು ಮಾತ್ರ ಯಾವತ್ತೂ ಹೊರಗೇ. 'ಜನರೇ' ಅನ್ನುವಾಗ ಅದನ್ನು ಮರೆಯಬೇಡಿ.

ಮತ್ತೊಬ್ಬರು: ಕೆಟ್ಟ ಪ್ರಸ್ತಾಪ ತಂದವನಿಗೆ ಶಿಕ್ಷೆ ಇತ್ತಾ?

ಉತ್ತರ: ಇತ್ತು. ಹಳೇ ಕಾನೂನಿಗೆ ವಿರುದ್ಧವಾದದ್ದು ತಂದರೆ ಯಾವ ನಾಗರಿಕ ಬೇಕಾದರೂ ಕೇಸು ಹಾಕಬಹುದಿತ್ತು. ಪ್ರಸ್ತಾಪ ತಂದವನು ಸೋತರೆ ದಂಡ. ಅರಿಸ್ಟೋಫಾನ್ ಎಂಬ ರಾಜಕಾರಣಿ ನನ್ನ ಮೇಲೆ 75 ಸಲ ಇಂಥ ಕೇಸು ಹಾಕಿದರು, ಪ್ರತಿ ಸಲವೂ ಖುಲಾಸೆಯಾದೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದನಂತೆ!

ಲೋಕ್ರಿ ಎಂಬ ಗ್ರೀಕ್ ನಗರದವರು ಇನ್ನೂ ಖಡಕ್. ಅಥೆನ್ಸ್‌ನ ಭಾಷಣಕಾರ ಡೆಮಾಸ್ತನೀಸ್ ಹೇಳುವ ಕಥೆ ಇದು: ಅಲ್ಲಿ ಹೊಸ ಕಾನೂನು ಬೇಕೆನ್ನುವವನು ಕುತ್ತಿಗೆಗೆ ಉರುಳು ಹಾಕಿಕೊಂಡೇ ಮಾತಾಡಬೇಕು. ಒಪ್ಪಿದರೆ ಬದುಕಿದ, ಇಲ್ಲದಿದ್ದರೆ ಹಗ್ಗ ಬಿಗಿಯುತ್ತದೆ. 200 ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಒಂದೇ ಒಂದು ಹೊಸ ಕಾನೂನು ಬಂತಂತೆ. ತಂದವನು ಒಕ್ಕಣ್ಣ. 'ಕಣ್ಣಿಗೆ ಕಣ್ಣು' ಅನ್ನುವುದು ಅಲ್ಲಿನ ಶಿಕ್ಷೆ. ವೈರಿಯೊಬ್ಬ ಇವನ ಇರುವ ಒಂದು ಕಣ್ಣನ್ನೂ ತೆಗೆಯುತ್ತೇನೆ ಅಂದಿದ್ದ. ಒಕ್ಕಣ್ಣನ ಕಣ್ಣು ತೆಗೆದವನು ಎರಡೂ ಕಣ್ಣು ಕಳೆದುಕೊಳ್ಳಲಿ ಅಂತ ಇವನು ಕೇಳಿದ, ಜನ ಒಪ್ಪಿದರು.